ಸುಣ್ಣದ ವಾಲ್ವ್ ಆಟೋದಲ್ಲಿ ನಿಂತ ದಿನ

ಕೊಟ್ರಪ್ಪ ನಿಂತುಕೊಂಡೇ ಊಟ ಮಾಡುತ್ತಿದ್ದರು. ಬಲಗೈಯಲ್ಲಿ ಜೋಳದ ರೊಟ್ಟಿ, ಎಡಗೈ ಪ್ಯಾನೆಲ್ಲಿನ ಗುಂಡಿಯ ಮೇಲೆ, ಕಣ್ಣು ಮೀಟರಿನ ಮುಳ್ಳಿನ ಮೇಲೆ.

ತುತ್ತು ಬಾಯಿಗೆ ಹೋಗುವಷ್ಟರಲ್ಲಿ ಮುಳ್ಳು ಕೆಳಗಿಳಿಯಿತು. ತುತ್ತು ವಾಪಸ್ ಡಬ್ಬಿಗೆ...

"ಮುಂದಿನ ತಿಂಗ್ಳು ಸಂಡೂರಿಗೆ ಹೊಂಟೀನ್ರಿ ಮೇಡಂ" ಅಂದರು, ನನ್ನ ಕಡೆ ತಿರುಗದೆ. "ಗಣಿಯಾಗ ಲೋಡಿಂಗ್ ಸೂಪರ್‌ವೈಸರ್ ಕೆಲ್ಸ. ಧೂಳು ಕುಡೀಬೇಕು, ಖರೆ. ಆದ್ರ ಕುಂತು ಉಣ್ಣಬೋದು."

ಗಣಿಗಾರಿಕೆ ಜೋರಾಗಿದ್ದ ಕಾಲ ಅದು. ಹೊಸಪೇಟೆ ರಸ್ತೆಗಳಲ್ಲಿ ಅದಿರಿನ ಲಾರಿಗಳ ಸಾಲು ಮುಗಿಯುತ್ತಲೇ ಇರಲಿಲ್ಲ. ಕೆಮಿಕಲ್ ಇಂಜಿನಿಯರಿಂಗ್ ಮುಗಿಸಿದ್ದ ನಾನು ಕಂಪ್ಲಿ ಕಡೆಯ ಒಂದು ಸಕ್ಕರೆ ಕಾರ್ಖಾನೆಗೆ ಹೊಸದಾಗಿ ಸೇರಿದ್ದೆ.

ನಮ್ಮ ಆಪರೇಟರುಗಳು ಒಬ್ಬೊಬ್ಬರಾಗಿ ಗಣಿ ಕಡೆ ಹೋಗಿಬಿಟ್ಟಿದ್ದರು. ಕೊಟ್ರಪ್ಪನವರನ್ನು ಊಟದ ಹೊತ್ತಿಗೆ ಬಿಡಿಸುತ್ತಿದ್ದವರೂ ಹೋಗಿದ್ದರು. ಈಗ ಅವರೂ ಹೊರಟರೆ?

ಅವರ ಕೆಲಸ ಹೇಳುವುದಕ್ಕೆ ಸುಲಭ. ಬಿಸಿ ಕಬ್ಬಿನ ರಸಕ್ಕೆ ಕದಡಿದ ಸುಣ್ಣದ ನೀರು ಬಿಡಬೇಕು. ಕಡಿಮೆಯಾದರೆ ರಸ ಹುಳಿಯಾಗಿ ಅದರೊಳಗಿನ ಸಕ್ಕರೆಯೇ ಹಾಳು, ಹೆಚ್ಚಾದರೆ ಸಕ್ಕರೆಯ ಬಣ್ಣ ಹಾಳು. ರಸದ ಹುಳಿ ಅಳೆಯುವ ಪಿಎಚ್ ಮೀಟರ್ ನೋಡಿಕೊಂಡು, ಮುಳ್ಳು ಇಳಿದರೆ ಸುಣ್ಣ ಹೆಚ್ಚು, ಏರಿದರೆ ಕಡಿಮೆ ಅಂತ ಗುಂಡಿಯಿಂದ ವಾಲ್ವ್ ತಿರುಗಿಸುತ್ತಿರಬೇಕು. ಇಡೀ ಶಿಫ್ಟ್.

ಪ್ಯಾನೆಲ್ ಮೇಲೆ 'ಆಟೋ' ಅಂತ ಒಂದು ಸ್ವಿಚ್ ಇತ್ತು. ಅದನ್ನು ಹಾಕಿದರೆ ಕಂಟ್ರೋಲರ್ ತಾನೇ ವಾಲ್ವ್ ನೋಡಿಕೊಳ್ಳಬೇಕು. ಆದರೆ ಹಾಕಿದಾಗಲೆಲ್ಲ ಮುಳ್ಳು ಉಯ್ಯಾಲೆ ಆಡುತ್ತಿತ್ತು, ಹಾಗಾಗಿ ಯಾರೂ ಅದನ್ನು ಮುಟ್ಟುತ್ತಿರಲಿಲ್ಲ.

ನಾನು ಪೈಪಿನ ಗುಂಟ ನಡೆದುಕೊಂಡು ಹೋದೆ. ಸುಣ್ಣ ಬೀಳುವುದು ಇಲ್ಲಿ, ಟ್ಯಾಂಕಿನಲ್ಲಿ, ರಸದಲ್ಲಿ ಮುಳುಗಿರುವ ಮೀಟರಿನ ಪ್ರೋಬ್ ಇದ್ದದ್ದು ಎಷ್ಟೋ ದೂರ, ಎರಡು ತಿರುವು ದಾಟಿ.

ಅಂದರೆ ಇಲ್ಲಿ ಹಾಕಿದ ಸುಣ್ಣದ ಸುದ್ದಿ ಮೀಟರಿಗೆ ತಲುಪುವುದು ತಡವಾಗುತ್ತದೆ. ಅಲ್ಲಿಯವರೆಗೆ ಕಂಟ್ರೋಲರ್ ಇನ್ನೂ ಸಾಲದು ಅಂದುಕೊಂಡು ಸುರಿಯುತ್ತಲೇ ಇರುತ್ತದೆ. ಆಮೇಲೆ ಗಾಬರಿಬಿದ್ದು ಪೂರ್ತಿ ಮುಚ್ಚುತ್ತದೆ.

ಕಾಲೇಜಿನಲ್ಲಿ ಇದನ್ನೇ ಡೆಡ್ ಟೈಮ್ ಅಂತ ಬರೆದು ಮಾರ್ಕ್ಸ್ ತಗೊಂಡಿದ್ದೆ. ಪೈಪಿನ ಪಕ್ಕ ನಿಂತು ನೋಡಿದ್ದು ಅವತ್ತೇ ಮೊದಲು!

ಚೀಫ್ ಕೆಮಿಸ್ಟ್ ಹತ್ತಿರ ಹೋಗಿ ಪ್ರೋಬ್ ಜಾಗ ಬದಲಿಸೋಣ ಸರ್ ಅಂದೆ. ಅವರು ಕನ್ನಡಕದ ಮೇಲಿಂದ ನೋಡಿದರು.

"ಮಾಡಮ್ಮ. ಸಕ್ಕರಿ ಬಣ್ಣ ಕೆಟ್ರ ಮಾತ್ರ ನಿನ್ನ ಹೆಸ್ರೇ ಹೇಳ್ತೀನಿ ನೋಡು."

ಕ್ಲೀನಿಂಗಿಗೆ ಮಿಲ್ ನಿಂತ ದಿನ ವೆಲ್ಡರನ್ನು ಕಾಡಿ ಬೇಡಿ ಪ್ರೋಬನ್ನು ಟ್ಯಾಂಕಿನಿಂದ ರಸ ಹೊರಬೀಳುವ ಬಾಯಿಯ ಹತ್ತಿರಕ್ಕೆ ತಂದೆ. ಕಂಟ್ರೋಲರಿನ ಗೇನ್ ಇಳಿಸಿದೆ. ಅಂದರೆ, ಸಣ್ಣ ಏರುಪೇರಿಗೆ ಸಣ್ಣದಾಗಿಯೇ ವಾಲ್ವ್ ತಿರುಗಿಸು ಅಂತ ಅದಕ್ಕೆ ಹೇಳಿಕೊಟ್ಟೆ.

ಮರುದಿನ ಮಿಲ್ ಶುರುವಾದ ಮೇಲೆ ಸ್ವಿಚ್ ಆಟೋಗೆ ಹಾಕಿದೆ. ಕೊಟ್ರಪ್ಪನವರ ಕೈ ಗುಂಡಿ ಬಿಡಲೊಲ್ಲದು.

"ಕೈ ತಗೀರಿ ಅಣ್ಣ."

"ಬ್ಯಾಡ್ರಿ ಮೇಡಂ, ನಂಗ ಜೀವ ತಡಿಯಂಗಿಲ್ಲ."

ಅಷ್ಟರಲ್ಲಿ ರಸ ಜೋರಾಗಿ ನುಗ್ಗಿ ಮುಳ್ಳು ಇಳಿಯತೊಡಗಿತು. ಅವರ ಕೈಗೆ ನನ್ನ ಕೈ ಅಡ್ಡ ಹಿಡಿದೆ.

ವಾಲ್ವ್ ತಾನೇ ತುಸು ತೆರೆಯಿತು. ಮುಳ್ಳು ನಿಧಾನವಾಗಿ ಮೇಲೆ ಬಂತು, ಇರಬೇಕಾದ ಗೆರೆಯನ್ನು ಚೂರು ದಾಟಿತು, ವಾಪಸ್ ಬಂದು ನಿಂತಿತು. ಅಲ್ಲೇ ನಿಂತಿತು.

"ಲೇ ಲೇ ಲೇ, ಭಾಳ ಶಾಣ್ಯಾ ಆದ್ಯಲ್ಲಲೇ!" ಕೊಟ್ರಪ್ಪ ಕಂಟ್ರೋಲರ್ ಡಬ್ಬಿಯ ಬೆನ್ನು ತಟ್ಟಿದರು.

ಮಧ್ಯಾಹ್ನದವರೆಗೂ ಇಬ್ಬರೂ ಕಾದು ನೋಡಿದೆವು. ಊಟದ ಹೊತ್ತಿಗೆ ನಾನೇ ಅಂದೆ, "ಮನಿಗೆ ಹೋಗಿ ಉಂಡು ಬರ್ರಿ. ನಾ ಇರ್ತೀನಿ."

ಅವರ ಕ್ವಾರ್ಟರ್ಸ್ ಗೇಟಿನ ಎದುರಿಗೇ. ಆದರೂ ಕಬ್ಬು ಅರೆಯುವ ಆ ಸೀಸನ್ನಿನಲ್ಲಿ ಶಿಫ್ಟಿನ ನಡುವೆ ಒಂದು ದಿನವೂ ಮನೆಯಲ್ಲಿ ಉಂಡಿರಲಿಲ್ಲ. ಬಾಗಿಲವರೆಗೆ ಹೋದರು, ತಿರುಗಿ ನೋಡಿದರು. ಮತ್ತೆರಡು ಹೆಜ್ಜೆ, ಮತ್ತೆ ತಿರುಗಿದರು. ಕೊನೆಗೆ ಹೋದರು.

ಈಗ ನಾನೊಬ್ಬಳೇ. ಗುಂಡಿ ಮುಟ್ಟಬೇಕು ಅಂತ ಕೈ ಎಷ್ಟು ತುರಿಸಿತು ಗೊತ್ತಾ! ಎರಡೂ ಕೈ ಕಟ್ಟಿಕೊಂಡು ಕೂತೆ.

ಸ್ವಲ್ಪ ಹೊತ್ತಿಗೆ ಕೊಟ್ರಪ್ಪ ವಾಪಸ್ ಬರುತ್ತಿದ್ದಾರೆ, ಅವರ ಮುಂದೆ ಅವರ ಹೆಂಡತಿ ಗೌರಮ್ಮ ದಾಪುಗಾಲು ಹಾಕಿಕೊಂಡು ಬರುತ್ತಿದ್ದಾರೆ. ನಾನು ತಟ್ಟನೆ ಮುಳ್ಳಿನ ಕಡೆ ನೋಡಿದೆ, ಗೆರೆಯ ಮೇಲೇ ಇತ್ತು.

ಆಗಿದ್ದು ಇಷ್ಟೇ. ಸೀಸನ್ನಿನಲ್ಲಿ ಗಂಡ ಮಧ್ಯಾಹ್ನ ಬಾಗಿಲಲ್ಲಿ ನಿಂತದ್ದು ನೋಡಿ ಆಕೆ ಹೆದರಿದ್ದಾರೆ. ಮಿಲ್ ನಿಂತಿತೇ, ಯಾರಿಗೇನಾಯಿತು ಅಂತ ಬಡಬಡಿಸಿದ್ದಾರೆ. ವಾಲ್ವ್ ತಾನೇ ನಡೆಯುತ್ತಿದೆ ಅಂತ ಎಷ್ಟು ಹೇಳಿದರೂ ನಂಬದೆ, ಊಟ ಬಡಿಸಿ ಮುಗಿಸಿ, ಕಣ್ಣಾರೆ ನೋಡಲು ಬಂದಿದ್ದಾರೆ.

ತಾನೇ ಮಿಸುಕುತ್ತಿದ್ದ ವಾಲ್ವನ್ನು ಗೌರಮ್ಮ ಸೊಂಟದ ಮೇಲೆ ಕೈಯಿಟ್ಟು ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು.

"ಇಷ್ಟೇನಾ? ಇದನ್ನ ಮುಂಚೇನ ಮಾಡಾಕ ಬರ್ತಿದ್ದಿಲ್ಲೇನ್ರಿ?"

ನಾನು ಹಿಂದೆ ತಿರುಗಿ ನೋಡಿದೆ. ಗಲಾಟೆ ಕೇಳಿ ಚೀಫ್ ಕೆಮಿಸ್ಟ್ ಬಂದು ನಿಂತಿದ್ದರು. ಅವರು ಕೆಮ್ಮುತ್ತಾ ಕಿಟಕಿಯ ಆಚೆ ಏನೋ ನೋಡತೊಡಗಿದರು.

"ನಾಳಿ ನೀವೂ ಬರ್ರಿ ಉಣ್ಣಾಕ" ಅಂದರು ಗೌರಮ್ಮ, ಹೊರಡುವಾಗ.

ಮರುದಿನ ಪ್ಯಾನೆಲ್ ಮುಂದೆ ಚೀಫ್ ಕೆಮಿಸ್ಟರನ್ನೇ ಕೂರಿಸಿ ನಾವು ಹೋದೆವು. ಪುಂಡಿಪಲ್ಯ, ಬಿಸಿ ರೊಟ್ಟಿ, ಶೇಂಗಾ ಚಟ್ನಿ. ಕೊಟ್ರಪ್ಪ ಚಕ್ಕಳಮಕ್ಕಳ ಹಾಕಿ ಕೂತು ಆರಾಮಾಗಿ ಉಣ್ಣುತ್ತಿದ್ದಾರೆ, ಗೌರಮ್ಮ ಬೇಡವೆಂದರೂ ತಟ್ಟೆಗೆ ಹಾಕುತ್ತಿದ್ದಾರೆ.

"ಸಂಡೂರಿಗೆ ಫೋನ್ ಮಾಡಿ ಬರಂಗಿಲ್ಲ ಅಂದೆನ್ರಿ" ಅಂದರು ಕೊಟ್ರಪ್ಪ, ಇನ್ನೊಂದು ರೊಟ್ಟಿ ಮುರಿಯುತ್ತಾ.

ಓದಿದ್ದು ಹೀಗೆ ಒಂದು ಮನೆಯ ಊಟದ ತಟ್ಟೆಯವರೆಗೆ ತಲುಪಿದ್ದನ್ನು ಎದುರಿಗೇ ಕೂತು ನೋಡುವ ಭಾಗ್ಯ ನನಗೆ ಸಿಕ್ಕಿತು... ನಿಮಗೆ ಸಿಕ್ಕಿದ್ದು ಯಾವಾಗ?