ನೆಲಕ್ಕಿಟ್ಟ ಕತ್ತಿ

ನಾಣಯ್ಯನ ಬಲಗೈಯಲ್ಲಿ ಈಗ ಹೆಬ್ಬೆರಳು ಮತ್ತು ಕಿರುಬೆರಳು ಮಾತ್ರ ಉಳಿದಿವೆ. ಉಳಿದವು ಎಲ್ಲಿ ಹೋದವು ಎಂದು ಕೇಳಿದರೆ ಕುಟ್ಟದ ಹೋಟೆಲಿನಲ್ಲಿ ಒಬ್ಬ ಆನೆ ಅನ್ನುತ್ತಾನೆ, ಇನ್ನೊಬ್ಬ ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಮೆಷಿನ್ ಅನ್ನುತ್ತಾನೆ. ಎರಡೂ ಶುದ್ಧ ಸುಳ್ಳು. ಆ ರಕ್ತವನ್ನು ನಾನು ಓಡಿಸುವ ತೋಟದ ಜೀಪಿನ ಸೀಟಿನಿಂದ ತಿಕ್ಕಿ ತಿಕ್ಕಿ ತೊಳೆದವನು ನಾನು. ಹಾಗಾಗಿ ನಾನು ಹೇಳಿದ್ದೇ ಸರಿ.

ನಾಣಯ್ಯ ಸಂಪಾಜೆ ಕಡೆಯವನು, ನಮ್ಮ ಅರೆಭಾಷೆಯ ಜನ. ಕುಟ್ಟದ ಹತ್ತಿರ ಒಂದು ಕಾಫಿ ತೋಟದಲ್ಲಿ ರೈಟರ್. ಹೆಸರಿಗೆ ರೈಟರ್ ಆದರೂ ಬರೆಯುವುದು ಕಡಿಮೆ. ಆಳುಗಳನ್ನು ಹೊರಡಿಸುವುದು, ಕೆಲಸ ಹಂಚುವುದು, ಬೈಯುವುದು, ಇಷ್ಟೇ ಅವನ ದಿನ. ತಮಿಳರಿಗೆ ತಮಿಳಿನಲ್ಲಿ, ಮಲಯಾಳದ ಹೆಂಗಸರಿಗೆ ಮಲಯಾಳದಲ್ಲಿ, ನಮ್ಮವರಿಗೆ ಅರೆಭಾಷೆಯಲ್ಲಿ ಬೈಯುತ್ತಿದ್ದ. ಬೈಗುಳ ಸಾಲದೆ ಬಂದರೆ ಕೈ ಇತ್ತು. ಆ ಕೈಯ ಏಟು ತಿನ್ನದ ಕೆನ್ನೆ ಆಳುಗಳ ಮನೆಸಾಲಿನಲ್ಲಿ, ಅಂದರೆ ಲೈನಿನಲ್ಲಿ, ಅಪರೂಪ. ಸಿಟ್ಟು ಇಳಿದ ಮೇಲೆ ತಾನೇ ಹೋಗಿ ಎಲೆ ಅಡಿಕೆ ಕೊಟ್ಟು ಮಾತಾಡಿಸುತ್ತಿದ್ದ. ಅದನ್ನು ಒಳ್ಳೆಯತನ ಅಂತ ನಾನು ಹೇಳುವುದಿಲ್ಲ. ಹೊಡೆಸಿಕೊಂಡವನಿಗೆ ಎಲೆ ಅಡಿಕೆಯಿಂದ ಏನಾಗಬೇಕು?

ಇಂಥ ಒರಟ ಒಂದು ಕೆಲಸವನ್ನು ಮಾತ್ರ ದೇವರ ಮುಂದೆ ದೀಪ ಇಡುವ ಹಾಗೆ ಮಾಡುತ್ತಿದ್ದ. ಬೆಳಿಗ್ಗೆ ಸ್ಟೋರಿನಿಂದ ಕತ್ತಿಗಳನ್ನು ತಂದು ಆಳುಗಳಿಗೆ ಕೊಡುವಾಗ ಯಾರ ಕೈಗೂ ಕೊಡುತ್ತಿರಲಿಲ್ಲ. ಬಗ್ಗಿ ಅವರ ಕಾಲ ಮುಂದೆ ನೆಲಕ್ಕೆ ಇಡುತ್ತಿದ್ದ. ಅವರು ಎತ್ತಿಕೊಳ್ಳಬೇಕು. ಕೈಯಿಂದ ಕೈಗೆ ಕತ್ತಿ ಕೊಟ್ಟರೆ ಕೊಟ್ಟವನಿಗೂ ತೆಗೆದುಕೊಂಡವನಿಗೂ ಜಗಳ ಆಗುತ್ತದೆ ಅಂತ ನಮ್ಮಲ್ಲಿ ಎಲ್ಲರೂ ನಂಬುತ್ತಾರೆ. ಮನೆಯಲ್ಲಿ ಹೆಂಗಸರು ಮೆಣಸಿನಕಾಯಿಯನ್ನೂ ಹಾಗೆ ಕೊಡುವುದಿಲ್ಲ. ಆದರೆ ನಾಣಯ್ಯ ಅದನ್ನು ಕಣ್ಣಾರೆ ಕಂಡವನು. ಅವನು ಚಿಕ್ಕವನಿದ್ದಾಗ ಒಂದು ದಿನ ಅವನ ಅಪ್ಪ ದೊಡ್ಡಪ್ಪನಿಗೆ ಅವಸರದಲ್ಲಿ ಕತ್ತಿಯನ್ನು ಕೈಗೇ ಕೊಟ್ಟನಂತೆ. ಸಂಜೆಗೆ ಬೇಲಿಯ ವಿಷಯಕ್ಕೆ ಅಣ್ಣತಮ್ಮಂದಿರು ಅಂಗಳದಲ್ಲಿ ಹೊಡೆದಾಡಿದರು. ಅಪ್ಪ ಅದೇ ಕತ್ತಿ ಕಸಿದುಕೊಂಡು ಬೀಸಿದ. ದೊಡ್ಡಪ್ಪನ ಕಿವಿ ಅಂಗಳದಲ್ಲಿ ಬಿದ್ದಿತ್ತು, ಕೋಳಿ ಅದನ್ನು ಕುಕ್ಕುವುದನ್ನು ಇವನು ನೋಡಿದ. ಅಂದಿನಿಂದ ಇವನ ಕೈಯ ಕತ್ತಿ ಮೊದಲು ಮುಟ್ಟುವುದು ನೆಲವನ್ನೇ.

ಈಚೆಗೆ ತೋಟಕ್ಕೆ ಅಸ್ಸಾಮಿನ ಆಳುಗಳು ಬಂದರು. ಅಲ್ಲಿಯ ಟೀ ತೋಟದಲ್ಲಿ ಹುಟ್ಟಿ ಬೆಳೆದವರು, ಗಟ್ಟಿಮುಟ್ಟು ಜನ. ಅವರ ಪೈಕಿ ಮಂಗ್ರಾ ಅನ್ನುವವನು ಎಲ್ಲರಿಗಿಂತ ಮೊದಲು ಮರ ಹತ್ತುತ್ತಿದ್ದ. ಹೆಂಡತಿ, ಎದೆಹಾಲು ಕುಡಿಯುವ ಮಗು ಜೊತೆಗಿದ್ದರು. ನಾಣಯ್ಯನಿಗೆ ಅವರ ಭಾಷೆ ಬಾರದು, ಅವರಿಗೆ ಕನ್ನಡ ಬಾರದು. ತೋಟದ ಸಾಹುಕಾರರು ಇದಕ್ಕೊಂದು ದಾರಿ ಹುಡುಕಿದರು. ಹಲವು ತೋಟಗಳ ರೈಟರುಗಳನ್ನು ಸೇರಿಸಿ ಗೋಣಿಕೊಪ್ಪಲಿನಲ್ಲಿ ಒಂದು ದಿನದ ಟ್ರೈನಿಂಗ್ ಇಡಿಸಿದರು. ಬೆಂಗಳೂರಿನಿಂದ ಬಂದ ಒಬ್ಬಳು ಮೇಡಂ ಪರದೆಯ ಮೇಲೆ ಚಿತ್ರ ತೋರಿಸಿ, ಹೊರರಾಜ್ಯದ ಆಳುಗಳ ಜೊತೆ ಮಾತು ಬಾರದಿದ್ದರೂ ಪರವಾಗಿಲ್ಲ, ಕಣ್ಣಲ್ಲಿ ಕಣ್ಣಿಟ್ಟು ನೋಡಿ, ನಗುತ್ತಾ ಇರಿ, ಅರ್ಧ ಕೆಲಸ ಆದ ಹಾಗೆ ಅಂದಳು. ಕತ್ತಿ ಹೇಗೆ ಕೊಡುತ್ತೀರಿ ಅಂತ ಅವಳು ಕೇಳಲಿಲ್ಲ. ಹೇಳಬೇಕು ಅಂತ ಅಲ್ಲಿ ಕೂತ ರೈಟರುಗಳಿಗೂ ಜೀಪು ತಂದ ನನಗೂ ಹೊಳೆಯಲೂ ಇಲ್ಲ.

ನಾಣಯ್ಯ ಆ ಪಾಠವನ್ನು ಚಾಚೂ ತಪ್ಪದೆ ಪಾಲಿಸಿದ. ಮರುದಿನ ಬೆಳಿಗ್ಗೆ ಮಂಗ್ರಾನ ಕಾಲ ಬುಡದಲ್ಲಿ ಕತ್ತಿ ಇಟ್ಟು, ಎದ್ದು, ಅವನ ಕಣ್ಣನ್ನೇ ನೋಡಿ ಹಲ್ಲು ಕಿರಿದ. ಜನ್ಮದಲ್ಲಿ ನಗದವನ ನಗು ಹೇಗಿರುತ್ತದೆ ಅಂತ ಕೇಳಬೇಡಿ. ಮಂಗ್ರಾ ಕತ್ತಿ ಮುಟ್ಟಲಿಲ್ಲ. ಎರಡೂ ಕೈ ಮುಂದೆ ಚಾಚಿ ನಿಂತ. ನಾಣಯ್ಯ ನೆಲ ತೋರಿಸಿದ. ಅವನು ಕೈ ಹಿಂದೆ ತೆಗೆಯಲಿಲ್ಲ. ಹಿಂದೆ ನಿಂತಿದ್ದ ಊರಿನ ಆಳುಗಳು ಕಿಸಕ್ಕೆಂದರು, ನಾಣಯ್ಯನ ಕೈ ಅವನ ಕೆನ್ನೆಗೆ ಬಿತ್ತು. ಮಂಗ್ರಾ ಬಗ್ಗಿ ಕತ್ತಿ ಎತ್ತಿಕೊಂಡ. ಅವತ್ತು ಅವನು ಕೊಂಬೆ ಕಡಿದ ರಭಸ ನೋಡಿ ನನಗೇ ಹೆದರಿಕೆ ಆಯಿತು.

ಇದು ದಿನಾ ನಡೆಯಿತು. ಇವನು ಇಡುವುದು, ನಗುವುದು, ಅವನು ಉರಿಯುವ ಕಣ್ಣಿನಿಂದ ಎತ್ತಿಕೊಳ್ಳುವುದು. ಇಷ್ಟು ನಕ್ಕರೂ ದುರುಗುಟ್ಟುತ್ತಾನೆ, ಅಹಂಕಾರ ನೋಡು, ಅಂತ ನಾಣಯ್ಯ ನನ್ನ ಹತ್ತಿರ ದೂರುತ್ತಿದ್ದ. ನನಗೆ ಹಿಂದಿ ಬರುತ್ತದೆ, ನಾಗಪುರದ ಕಡೆ ಲಾರಿ ಓಡಿಸಿ ಕಲಿತದ್ದು, ಮಂಗ್ರಾನಿಗೂ ಅದು ಅಷ್ಟಿಷ್ಟು ಬರುತ್ತಿತ್ತು. ಅವನನ್ನು ಒಂದು ಮಾತು ಕೇಳು ಅಂತ ನಾಣಯ್ಯನೂ ಹೇಳಲಿಲ್ಲ. ಜೀಪಿನವನಿಗೆ ರೈಟರಿಕೆ ಯಾಕೆ ಅಂತ ನಾನೂ ಸುಮ್ಮನಿದ್ದೆ.

ಮಳೆ ಹಿಡಿಯುವ ಮೊದಲು ನೆರಳು ಮರಗಳ ಕೊಂಬೆ ತೆಗೆಯುವ ಕೆಲಸ ಮುಗಿಯಬೇಕು. ಆ ಬೆಳಿಗ್ಗೆ ಮೋಡ ಕವಿದಿತ್ತು, ಸಾಹುಕಾರರು ಫೋನಿನಲ್ಲಿ ಕೂಗಾಡಿದ್ದರು. ನಾಣಯ್ಯನಿಗೆ ಬಗ್ಗುವ ತಾಳ್ಮೆ ಇರಲಿಲ್ಲ, ನಿಂತಲ್ಲಿಂದಲೇ ಕತ್ತಿಗಳನ್ನು ಎಸೆದ. ಮಂಗ್ರಾನ ಪಾಲಿನದು ಕಲ್ಲಿಗೆ ತಾಗಿ ಪುಟಿದು ಅವನ ಬರಿಗಾಲಿನ ಮೇಲೆ ಬಿತ್ತು. ಪಾದ ಸೀಳಿ ರಕ್ತ ಚಿಮ್ಮಿತು. ನಾಣಯ್ಯ ಅಯ್ಯೋ ಅಂದ. ಆದರೆ ಮುಖದ ಮೇಲೆ ಆ ಹಾಳು ನಗು ಇನ್ನೂ ಅಂಟಿಕೊಂಡಿತ್ತು.

ಮಂಗ್ರಾ ಕತ್ತಿ ಎತ್ತಿಕೊಂಡ. ಎತ್ತಿದ ಕೈ ಹಾಗೇ ಮೇಲೆ ಹೋಗಿ ಕೆಳಗೆ ಬಂತು. ನಾಣಯ್ಯ ಕುತ್ತಿಗೆಗೆ ಅಡ್ಡ ಕೈ ಹಿಡಿದ, ಅದಕ್ಕೇ ತಲೆ ಉಳಿಯಿತು. ಮೂರು ಬೆರಳು ತರಗೆಲೆಯ ಮೇಲೆ ಉದುರಿದವು. ಎರಡನೇ ಸಲ ಕತ್ತಿ ಎತ್ತುವಷ್ಟರಲ್ಲಿ ಊರಿನ ಆಳುಗಳ ಮುಂದಾಳು ಸೋಮ ಹಿಂದಿನಿಂದ ಕಾಫಿ ಗಿಡದ ದೊಣ್ಣೆಯಲ್ಲಿ ಮಂಗ್ರಾನ ತಲೆಗೆ ಬಾರಿಸಿದ. ಬಿದ್ದವನ ಮೇಲೆ ಎಲ್ಲರೂ ಮುಗಿಬಿದ್ದರು. ತಮಿಳರು, ಮಲಯಾಳದವರು, ನಮ್ಮವರು, ಯಾವತ್ತೂ ಒಟ್ಟಿಗೆ ಕೂತು ಚಹಾ ಕುಡಿಯದ ಜನ ಅವತ್ತು ಒಟ್ಟಿಗೆ ಒದ್ದರು. ಪಕ್ಕೆಲುಬು ಮುರಿದ ಶಬ್ದ ನನಗೆ ಕೇಳಿತು. ಅವನ ಹೆಂಡತಿ ಮಗುವನ್ನು ನೆಲದಲ್ಲಿ ಬಿಟ್ಟು ಅವನ ಮೇಲೆ ಬಿದ್ದಳು. ಅವಳ ಬೆನ್ನಿಗೂ ಬಿತ್ತು. ನಾನು ಜೀಪಿನ ಹಾರ್ನ್ ಒತ್ತಿ ಹಿಡಿದು ಗುಂಪಿನೊಳಗೇ ನುಗ್ಗಿಸಿದೆ, ಆಗ ಬಿಟ್ಟರು.

ಇದ್ದದ್ದು ಒಂದೇ ಜೀಪು. ಕಡಿದವನನ್ನೂ ಕಡಿಸಿಕೊಂಡವನನ್ನೂ ಹಿಂದಿನ ಸೀಟುಗಳಲ್ಲಿ ಎದುರುಬದುರು ಹಾಕಿಕೊಂಡು ಗೋಣಿಕೊಪ್ಪಲಿನ ಆಸ್ಪತ್ರೆಗೆ ಹೊರಟೆ. ಮಂಗ್ರಾನ ಕೈಯನ್ನು ಸೋಮ ಹಗ್ಗದಲ್ಲಿ ಬಿಗಿದಿದ್ದ. ನಾಣಯ್ಯನ ಕೈಗೆ ಅವನ ಹೆಂಡತಿ ಯಮುನ ಸೆರಗು ಹರಿದು ಸುತ್ತಿದ್ದಳು. ಸ್ವಲ್ಪ ದೂರ ಹೋದ ಮೇಲೆ ನಾಣಯ್ಯ ನನ್ನನ್ನು ಕೂಗಿದ.

"ಅಪ್ಪಯ್ಯ, ಕೇಳು ಅವಂಗೆ. ನಾನು ಎಂತ ಮಾಡಿದ್ದೆ ಅವಂಗೆ?"

ಕೇಳಿದೆ. ಮಂಗ್ರಾ ಬಾಯಿಂದ ರಕ್ತ ಉಗಿದು ಹೇಳಿದ. ಅವರ ಟೀ ತೋಟದಲ್ಲಿ ಮ್ಯಾನೇಜರು ಅವನ ಅಪ್ಪನಿಗೆ ಎಲ್ಲವನ್ನೂ ನೆಲಕ್ಕೆ ಎಸೆದೇ ಕೊಡುತ್ತಿದ್ದನಂತೆ, ಮುಟ್ಟಿದರೆ ಮೈಲಿಗೆ ಅಂತ. ಅಪ್ಪ ಸಾಯುವವರೆಗೆ ಆರಿಸಿಕೊಂಡೇ ಬದುಕಿದ. ಮನುಷ್ಯರಿಗೆ ಕೈಗೆ ಕೊಡುತ್ತಾರೆ, ನಾಯಿಗೆ ನೆಲಕ್ಕೆ ಹಾಕುತ್ತಾರೆ. ಈ ಮನುಷ್ಯ ದಿನಾ ನನ್ನನ್ನು ನಾಯಿ ಮಾಡಿ ನಿಂತು ನಗುತ್ತಿದ್ದ, ಅಂದ.

ನಾನು ಕನ್ನಡದಲ್ಲಿ ಹೇಳಿದೆ. ಜೀಪು ಗುಂಡಿಗೆ ಬಿದ್ದಾಗ ಇಬ್ಬರೂ ಒಟ್ಟಿಗೆ ನರಳಿದರು.

"ನಂಗೂ ಅವಂಗೂ ಜಗಳ ಆಗ್ಬಾರ್ದು ಅಂತಲೇ ನೆಲಕ್ಕೆ ಇಡ್ತಿದ್ದೆ ಅಂತ ಹೇಳು," ಅಂದ ನಾಣಯ್ಯ.

ಆ ಕಿವಿಯ ಕಥೆಯನ್ನೂ ಸೇರಿಸಿ ಹೇಳಿದೆ. ಹೇಳುತ್ತಾ ಹೇಳುತ್ತಾ ನನಗೆ ಮೈಯೆಲ್ಲ ಉರಿದುಹೋಯಿತು. ಜೀಪು ನಿಲ್ಲಿಸಿ ಇಬ್ಬರಿಗೂ ಒಂದೊಂದು ಬಿಡೋಣ ಅನಿಸಿತು. ಮಂಗ್ರಾ ನಾಣಯ್ಯನ ಕೈಗೆ ಸುತ್ತಿದ ಸೆರಗಿನಿಂದ ತೊಟ್ಟಿಕ್ಕುವ ರಕ್ತ ನೋಡುತ್ತಾ ಕೂತಿದ್ದ. ಆಮೇಲೆ ಜೋರಾಗಿ ಅಳತೊಡಗಿದ. ಅವನು ಅತ್ತದ್ದು ನನಗೆ ಹಿಡಿಸಲಿಲ್ಲ, ಸುಮ್ಮನೆ ಗಾಡಿ ಓಡಿಸಿದೆ.

ಮಂಗ್ರಾ ಜೈಲಿಗೆ ಹೋಗುವುದೂ ಬಿಡುವುದೂ ನಾಣಯ್ಯನ ಬಾಯಲ್ಲಿತ್ತು. ಸಾಹುಕಾರರು ಆಸ್ಪತ್ರೆಗೆ ಮೊದಲೇ ಬಂದು ಹೇಳಿಹೋಗಿದ್ದರು. ಕೊಲೆ ಮಾಡಲು ಬಂದ ಅಂತಲೇ ಹೇಳಬೇಕು, ಇಲ್ಲದಿದ್ದರೆ ಇನ್ನು ಯಾವ ಆಳೂ ಮಾತು ಕೇಳುವುದಿಲ್ಲ, ನಿನಗೂ ತೋಟದಲ್ಲಿ ಕೆಲಸ ಇಲ್ಲ, ಅಂತ. ಯಮುನ ಅವರಿಗಿಂತ ಗಟ್ಟಿಯಾಗಿ ಅದನ್ನೇ ಹೇಳಿದಳು, ಅವಳದ್ದು ತಪ್ಪಲ್ಲ. ಪೊಲೀಸರು ಬಂದಾಗ ನಾಣಯ್ಯ ಹಾಸಿಗೆಯಲ್ಲಿ ಎದ್ದು ಕೂತ.

"ಕತ್ತಿ ಎಸೆದವನು ನಾನು. ಮೊದಲು ರಕ್ತ ಬಂದದ್ದು ಅವನ ಕಾಲಲ್ಲಿ," ಅಂದ. "ಅವನನ್ನು ಸಾಯಬಡಿದವರು ನಮ್ಮವರು. ಬರೆಯುವುದಾದರೆ ಎಲ್ಲ ಬರೆಯಿರಿ."

ಎಲ್ಲ ಬರೆದರೆ ಅರ್ಧ ಲೈನ್ ಜೈಲಿಗೆ ಹೋಗಬೇಕಿತ್ತು. ಕೊಂಬೆ ಕಡಿಯುವಾಗ ಆದ ಅಪಘಾತ ಅಂತಾಯಿತು, ಸಾಹುಕಾರರೂ ತೆಪ್ಪಗಾದರು. ಯಮುನ ಮಾತ್ರ ಇವತ್ತಿಗೂ ಮಂಗ್ರಾನ ಹೆಸರು ಕೇಳಿದರೆ ಎದ್ದು ಒಳಗೆ ಹೋಗುತ್ತಾಳೆ.

ಮಳೆ ಕಳೆದು ಇಬ್ಬರೂ ಕೆಲಸಕ್ಕೆ ಬಂದ ಮೊದಲ ಬೆಳಿಗ್ಗೆ ಸೋಮನ ಗುಂಪು ಒಂದು ಕಡೆ, ಅಸ್ಸಾಮಿನವರು ಇನ್ನೊಂದು ಕಡೆ. ನಾನು ಜೀಪನ್ನು ಗೋಣಿಕೊಪ್ಪಲಿನ ಕಡೆ ಮುಖ ಮಾಡಿ ನಿಲ್ಲಿಸಿ, ಎಂಜಿನ್ ಆರಿಸದೆ ಕೂತಿದ್ದೆ. ನಾಣಯ್ಯ ಊರಿನವರಿಗೆಲ್ಲ ಮೊದಲಿನಂತೆ ಬಗ್ಗಿ ನೆಲಕ್ಕೆ ಇಟ್ಟ. ಮಂಗ್ರಾನ ಮುಂದೆ ಬಂದಾಗ ಬಗ್ಗಲಿಲ್ಲ. ಎಡಗೈಯಲ್ಲಿ ಕೊಡುವುದು ಸರಿಯಲ್ಲ, ಬಲಗೈಗೆ ಹಿಡಿಯಲು ಬರುವುದಿಲ್ಲ. ಹಾಗಾಗಿ ಕತ್ತಿಯನ್ನು ಎರಡೂ ಅಂಗೈಗಳ ಮೇಲೆ ಅಡ್ಡ ಇಟ್ಟು ಮುಂದೆ ಚಾಚಿದ. ಈ ಸಲ ನಗಲಿಲ್ಲ.

ಮಂಗ್ರಾ ಆ ಕೈ ನೋಡಿದ. ಒಂದು ಹೆಜ್ಜೆ ಹಿಂದೆ ಸರಿದು ಬೆರಳಿನಿಂದ ನೆಲ ತೋರಿಸಿದ.

"ಕೆಳಗೆ ಇಡಿ ಅಣ್ಣ. ಜಗಳ ಬೇಡ," ಅಂದ. ಅಷ್ಟು ಕನ್ನಡವನ್ನು ಯಾರಿಂದ ಕಲಿತನೋ.

"ತಗೋ ಮಾರಾಯ," ಅಂದ ನಾಣಯ್ಯ. "ಇನ್ನು ಜಗಳಕ್ಕೆ ಎಂತ ಉಳಿದದೆ?"

ಮಂಗ್ರಾ ಎರಡೂ ಕೈಯಿಂದ ತೆಗೆದುಕೊಂಡ. ನಾನು ಅವನು ಮರ ಹತ್ತುವವರೆಗೂ ಎಂಜಿನ್ ಆರಿಸಲಿಲ್ಲ.