ಇಬ್ರಾದ ಮೂಸೆಗೆ ಬಿದ್ದ ನಮ್ಮ ಚಿನ್ನ

ಗೆಳೆಯರೇ, ನಾನೂ ರೂಮಿನ ಲಾರೆನ್ಸಣ್ಣನೂ ಶುಕ್ರವಾರದ ರಜೆಗಳಲ್ಲಿ ಹೊಳೆಗುಂಡಿಯ ಮರಳು ತೊಳೆದು ಕೂಡಿಸಿದ್ದ ಚಿಟಿಕೆ ಚಿನ್ನವನ್ನು ಇವತ್ತು ಒಮಾನಿನ ಈ ಇಬ್ರಾದ ಸೂಕ್‌ನಲ್ಲಿ, ಅಂದರೆ ಪೇಟೆಬೀದಿಯಲ್ಲಿ, ಮಾರಿ ಬಂದೆವು. ಆ ದುಡ್ಡಿನಲ್ಲಿ ಚರ್ಚಿನಲ್ಲಿ ನಡೆಯುವ ಮಗಳ ಮೊದಲ ಕಮ್ಯೂನಿಯನ್‌ಗೆ ಬಿಳಿ ಬಟ್ಟೆ, ಲೇಸು ಕೊಂಡು ಊರಿಗೆ ಕಳಿಸಬೇಕೆಂಬುದು ಲಾರೆನ್ಸಣ್ಣನ ಆಸೆ.

ಅಂಗಡಿಯ ಗುಜರಾತಿ ಅಕ್ಕಸಾಲಿ ನಾವು ಚಿನ್ನ ತುಂಬಿ ಒಯ್ದಿದ್ದ ಮಾತ್ರೆ ಡಬ್ಬಿಯನ್ನು ತಕ್ಕಡಿಗೆ ಹಾಕಲೇ ಇಲ್ಲ. “ಇದರಲ್ಲಿ ಕಪ್ಪು ಮರಳಿದೆ, ಕರಗಿಸಿದ ಮೇಲೆಯೇ ತೂಕ” ಎಂದು ಹಿಂದಿಯಲ್ಲಿ ಹೇಳಿ, ಯಾರದೋ ಮುರಿದ ಬಳೆಗಳು ಕರಗುತ್ತಿದ್ದ ಮೂಸೆಗೇ ಸುರಿದುಬಿಟ್ಟ.

“ನಮ್ಮದನ್ನು ಬೇರೆ ಮಾಡಿ ಕೊಡು!” ಎಂದು ಕೂಗಾಡಿದೆ.

“ಅರೇ ಭಾಯ್, ಸೋನಾ ಸಬ್ ಏಕ್ ಹೈ. ತೇರಾ ಮೇರಾ ಕ್ಯಾ?” ಚಿನ್ನವೆಲ್ಲ ಒಂದೇ, ನಿನ್ನದೇನು ನನ್ನದೇನು ಎನ್ನುತ್ತಾ ಅಂದಾಜಿಗೆ ಒಂದಿಷ್ಟು ನೋಟು ಮುಂದಿಟ್ಟ. ಅದಕ್ಕೆ ಬಟ್ಟೆ ಬಂದೀತು, ಲೇಸು ಬರುವುದಿಲ್ಲ.

ಲಾರೆನ್ಸಣ್ಣ ನೋಟುಗಳನ್ನು ಜೇಬಿಗಿಳಿಸಿದರು. ಹೊರಗೆ ಬಂದ ಮೇಲೆ, “ಎಂತಕ್ಕೆ ಬೊಬ್ಬೆ ಹೊಡೆದದ್ದು ಮಾರಾಯ? ನನ್ನದು ನಿನ್ನದು ಅಂತ ಇರಬಾರದು ಅಂತ ದಿನಾ ರೂಮಿನಲ್ಲಿ ಭಾಷಣ ಮಾಡುವುದು ನೀನೇ ಅಲ್ವಾ?” ಎಂದರು.

ಎಲ್ಲರದ್ದೂ ಒಂದಾದ ಮೇಲೆ ತಕ್ಕಡಿ ಯಾರ ಕೈಯಲ್ಲಿ ಇರುತ್ತದೆ ಎಂಬುದನ್ನು ನಾನು ಓದಿದ ಯಾವ ಕಮ್ಯುನಿಸ್ಟ್ ಕರಪತ್ರವೂ ಹೇಳಿರಲಿಲ್ಲ.