ಮೊದಲು ಎತ್ತಿ ನೋಡಿ ಅಕ್ಕಾ
ವ್ಯಾಕ್ಯೂಮ್ ಕ್ಲೀನರ್ ಅಂಗಡಿಯ ಈ ಮಾರಾಟಗಾರನನ್ನು ನೀವೂ ನೋಡಿರುತ್ತೀರಿ. ಬೆಲೆ ಕೇಳಿದರೆ ಹೇಳುವ ಆಸಾಮಿಯಲ್ಲ. "ಮೊದಲು ಎತ್ತಿ ನೋಡಿ ಅಕ್ಕಾ" ಎಂದು ಎಲ್ಲಕ್ಕಿಂತ ದುಬಾರಿ ಮೆಷಿನ್ನನ್ನೇ ಕೈಗಿಡುತ್ತಾನೆ, ಹೂವಿನಷ್ಟು ಹಗುರ ಎಂದು ತಾನೂ ಕಿರುಬೆರಳಲ್ಲಿ ತೂಗಾಡಿಸುತ್ತಾನೆ. ಬೆಲೆ ಕೇಳಿ ಎದೆ ಭಾರವಾಗುವ ಮುಂಚೆ ಕೈಗೆ ಹಗುರ ಅನ್ನಿಸಿಬಿಡಬೇಕು ಎಂಬುದು ಅವನ ಶಾಸ್ತ್ರ. ಜೇಬಿನ ಡಬ್ಬಿಯಿಂದ ಹಿಟ್ಟು, ಕೂದಲು, ಬಿಸ್ಕತ್ತಿನ ಪುಡಿ ತೆಗೆದು ಜಮಖಾನೆಯ ಮೇಲೆ ಎರಚುವಾಗ ಬೀಜ ಬಿತ್ತುವವರ ಗಾಂಭೀರ್ಯ ಅವನದು. "ಅರ್ಧ ಬೆಲೆಗೆ ಬೇರೆಯದು ಸಿಗಲ್ವೇನ್ರಿ?" ಎಂದು ಯಾರದೋ ಗಂಡ ಗೊಣಗಿದರೆ, "ಸಿಗುತ್ತೆ ಸಾರ್, ಎತ್ಕೊಂಡು ಓಡಾಡೋ ಸೊಂಟ ನಿಮ್ದೇ ತಾನೆ?" ಅನ್ನುತ್ತಾನೆ, ಹೆಂಡತಿಯರು ನಗುತ್ತಾರೆ. ಅವತ್ತು ನನಗೆ ಮಾತ್ರ ನಗು ಬರಲಿಲ್ಲ. ಧೂಳಿಗೆ ಕೆಮ್ಮಿ ಕೆಮ್ಮಿ ನಿದ್ದೆಗೆಟ್ಟ ಮಗಳನ್ನು ಹೆಗಲಿಗೆ ಹಾಕಿಕೊಂಡು, ಇಷ್ಟು ದುಡ್ಡು ಸುರಿದರೆ ಮನೆಯ ಧೂಳು ನಿಜವಾಗಿ ಹೋಗುತ್ತಾ ಎಂದು ಕೇಳಿದ್ದನ್ನೇ ಕೇಳುತ್ತಿದ್ದೆ. ಉತ್ತರವಾಗಿ ಅವನು ಹಿಟ್ಟು ಎರಚಿ ಸ್ವಿಚ್ಚಿಗೆ ಬೆರಳಿಟ್ಟ. ಅಷ್ಟರಲ್ಲಿ ಮಗಳು ನಿದ್ದೆಹೋದದ್ದು ನನಗಿಂತ ಮೊದಲು ಅವನಿಗೇ ಕಂಡಿತು. ಬೆರಳು ತೆಗೆದ. ಪಕ್ಕದ ಗಿರಾಕಿ "ಆನ್ ಮಾಡಿ ತೋರಿಸ್ರಿ, ಚೆನ್ನಾಗಿದ್ರೆ ಈಗ್ಲೇ ತಗೋತೀನಿ" ಎಂದರೂ ಜಗ್ಗದೆ ಮಂಡಿಯೂರಿ, ಹಳೇ ಬಟ್ಟೆಯಿಂದ ಆ ಹಿಟ್ಟನ್ನೆಲ್ಲ ಒರೆಸುತ್ತಾ ನನಗೆ ಪಿಸುಗುಟ್ಟಿದ: "ಧೂಳು ಎಲ್ಲಿಗೂ ಓಡಿಹೋಗಲ್ಲ ಅಕ್ಕಾ, ನಾಳೆ ಬನ್ನಿ. ಈಗ ಕೂಸು ಮಲಗ್ಲಿ."